ಬಂದೂಕು ಕೆಳಗಿಟ್ಟ ಮೇಲೆ ಊರಿಗೆ ಏನು ಬೇಕು?

*ಕರ್ನಾಟಕದ ಕಾಡಿನಲ್ಲಿ ನಕ್ಸಲರ ಕಥೆ ಮುಗಿಯಿತು ಅಂತ ಸರ್ಕಾರ ಹೇಳಿದೆ. ಪಕ್ಕದ ಪಾವಗಡದ ಗುಂಡಿನ ಸದ್ದನ್ನು ಕೇಳಿದ್ದ ನಮ್ಮ ಚಿತ್ರದುರ್ಗದ ಸೀಮೆಯಿಂದ ನೋಡಿದರೆ, ಕಷ್ಟದ ಕೆಲಸ ಈಗ ಶುರು.*

2005ರ ಫೆಬ್ರುವರಿ 11. ನಾನಾಗ ಹಿರಿಯೂರಿನಲ್ಲಿ ಎಂಟನೇ ಕ್ಲಾಸು. ನಮ್ಮ ಸೋದರಮಾವ ಪ್ರೈವೇಟ್ ಬಸ್ಸಿನ ಡ್ರೈವರ್. ದಿನಾ ಬೆಳಗ್ಗೆ ಕತ್ತಲಿರುವಾಗಲೇ ಹೊರಡುವ ಮನುಷ್ಯ ಅವತ್ತು ಟೀ ಲೋಟ ಹಿಡಿದು ಜಗಲಿ ಮೇಲೆ ಕೂತೇ ಇದ್ದರು.

"ಯಾಕ್ ಮಾವ, ಡ್ಯೂಟಿಗೆ ಹೋಗಲ್ವಾ?"

"ಪಾವಗಡದ ಕಡೆ ರಾತ್ರಿ ದೊಡ್ಡ ಅನಾಹುತ ಆಗೈತಂತೆ ಕಣಪ್ಪ. ಪೊಲೀಸ್ರನ್ನ ಹೊಡೆದಾಕವ್ರೆ."

ಸ್ವಲ್ಪ ಹೊತ್ತು ಬಿಟ್ಟು ಅವರೇ ಮತ್ತೆ ಹೇಳಿದರು. "ಒಬ್ಬ ಬಸ್ಸಿನ ಕ್ಲೀನರೂ ಹೋದನಂತೆ."

ಆ ಎರಡನೇ ಮಾತು ನನ್ನ ತಲೆಯಲ್ಲಿ ಇನ್ನೂ ಕೂತಿದೆ. ಪೇಪರಿನವರಿಗೆ ಅದು ಪೊಲೀಸರ ಮೇಲಿನ ದಾಳಿ. ನಮ್ಮ ಮಾವನಿಗೆ ಅದು ತನ್ನ ಹಾಗೇ ಬಸ್ಸಿನಲ್ಲಿ ಹೊಟ್ಟೆ ಹೊರೆಯುತ್ತಿದ್ದ ಒಬ್ಬನ ಸಾವು.

ಆ ರಾತ್ರಿ ನಡೆದದ್ದು

ಪಾವಗಡ ತಾಲ್ಲೂಕಿನ ವೆಂಕಟಮ್ಮನಹಳ್ಳಿ. ಅಲ್ಲಿನ ಶಾಲೆಯಲ್ಲಿ ಕೆಎಸ್‌ಆರ್‌ಪಿ ಪೊಲೀಸರ ಕ್ಯಾಂಪ್ ಇತ್ತು. ಫೆಬ್ರುವರಿ 10ರ ರಾತ್ರಿ ಮಾವೋವಾದಿಗಳ ದೊಡ್ಡ ಗುಂಪೊಂದು ಆ ಕ್ಯಾಂಪಿನ ಮೇಲೆ ಎರಗಿತು. 7 ಮಂದಿ ಪೊಲೀಸರು ಮತ್ತು ಒಬ್ಬ ಖಾಸಗಿ ಬಸ್ ಕ್ಲೀನರ್ ಸತ್ತರು.

ಅದಕ್ಕೆ ನಾಲ್ಕು ದಿನ ಮೊದಲು, ಫೆಬ್ರುವರಿ 6ರಂದು, ಚಿಕ್ಕಮಗಳೂರು ಜಿಲ್ಲೆಯ ಬಲಿಗೆ ಬಳಿ ಪೊಲೀಸರ ಗುಂಡಿಗೆ ನಕ್ಸಲ್ ನಾಯಕ ಸಾಕೇತ್ ರಾಜನ್ ಬಲಿಯಾಗಿದ್ದರು. ಅತ್ತ ಆಂಧ್ರದಲ್ಲಿ ಸರ್ಕಾರ ಮತ್ತು ಮಾವೋವಾದಿಗಳ ನಡುವೆ 2004ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದ ಮಾತುಕತೆ ಜನವರಿ ಹೊತ್ತಿಗೆ ಮುರಿದುಬಿದ್ದಿತ್ತು. ಮಲೆನಾಡಿನ ಸೇಡು, ಆಂಧ್ರದ ಬಿಸಿ ಎರಡೂ ಬಂದು ಬಿದ್ದದ್ದು ನಮ್ಮ ಬಯಲುಸೀಮೆಯ ಒಂದು ಹಳ್ಳಿಯ ಮೇಲೆ.

ಪಾವಗಡ ಅಂದರೆ ಬೆಂಗಳೂರಿನವರಿಗೆ ತುಮಕೂರು ಜಿಲ್ಲೆ. ನಮಗೆ ಅದು ಪಕ್ಕದ ಮನೆ. ಹಿಂದೆ ಅದು ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಇವತ್ತಿಗೂ ಲೋಕಸಭೆ ಚುನಾವಣೆ ಬಂದರೆ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಜೊತೆ ಪಾವಗಡದವರೂ ಒಬ್ಬನೇ ಎಂಪಿಗೆ ಓಟು ಹಾಕುತ್ತಾರೆ. ಮೂರು ಕಡೆ ಆಂಧ್ರ, ಮೇಲೆ ಬಿಸಿಲು, ಕೆಳಗೆ ಫ್ಲೋರೈಡ್ ನೀರು. ಅಲ್ಲಿನ ಬರವೂ ನಮ್ಮ ಬರವೂ ಅಣ್ಣತಮ್ಮಂದಿರು.

ಇಪ್ಪತ್ತು ವರ್ಷದ ನಂತರ

ಈಗ 2025ಕ್ಕೆ ಬನ್ನಿ. ಜನವರಿ 8ರಂದು ಬೆಂಗಳೂರಿನ ಮುಖ್ಯಮಂತ್ರಿಗಳ ಗೃಹ ಕಚೇರಿ 'ಕೃಷ್ಣಾ'ದಲ್ಲಿ ಆರು ಮಂದಿ ನಕ್ಸಲರು ಸಿದ್ದರಾಮಯ್ಯನವರ ಮುಂದೆ ಶರಣಾದರು. ಮುಂಡಗಾರು ಲತಾ, ಸುಂದರಿ, ವನಜಾಕ್ಷಿ, ರಾಯಚೂರು ಕಡೆಯ ಮಾರೆಪ್ಪ ಅರೋಳಿ, ಕೇರಳದ ಜೀಶಾ, ತಮಿಳುನಾಡಿನ ವಸಂತ್. ಫೆಬ್ರುವರಿ 1ರಂದು ಕೋಟೆಹೊಂಡ ರವಿ, ಮರುದಿನ ತೊಂಬಟ್ಟು ಲಕ್ಷ್ಮಿ. ಅದಕ್ಕೂ ಮೊದಲು, 2024ರ ನವೆಂಬರ್ 18ರಂದು, ಉಡುಪಿ ಜಿಲ್ಲೆಯ ಕಬ್ಬಿನಾಲೆ ಬಳಿ ವಿಕ್ರಂ ಗೌಡ ಎನ್‌ಕೌಂಟರ್‌ನಲ್ಲಿ ಸತ್ತಿದ್ದರು.

ಇದು ಸಣ್ಣ ಸಾಧನೆ ಅಲ್ಲ. ಇನ್ನೊಂದು ಸುತ್ತು ಗುಂಡು ಹಾರುವ ಬದಲು ಮಾತುಕತೆ ನಡೆಯಿತು. ಅದರ ಹಿಂದೆ ವರ್ಷಗಟ್ಟಲೆ ದುಡಿದ ನಾಗರಿಕರಿದ್ದರು. 2014ರಲ್ಲಿ ಸಿರಿಮನೆ ನಾಗರಾಜ್ ಮತ್ತು ನೂರ್ ಶ್ರೀಧರ್ ಹೊರಬಂದಾಗ ನಡುವೆ ನಿಂತಿದ್ದವರಲ್ಲಿ ಸ್ವಾತಂತ್ರ್ಯ ಹೋರಾಟಗಾರ ಎಚ್.ಎಸ್. ದೊರೆಸ್ವಾಮಿ, ಪತ್ರಕರ್ತೆ ಗೌರಿ ಲಂಕೇಶ್ ಇದ್ದರು. ಬಂದೂಕು ಹಿಡಿದವರನ್ನು ಊರಿಗೆ ಕರೆತರಲು ಓಡಾಡಿದ ಗೌರಿಯವರನ್ನೇ 2017ರ ಸೆಪ್ಟೆಂಬರ್ 5ರಂದು ಅವರ ಮನೆ ಬಾಗಿಲಲ್ಲಿ ಗುಂಡಿಟ್ಟು ಕೊಂದರು ಅನ್ನೋದನ್ನು ಇಲ್ಲಿ ಮರೆಯೋ ಹಾಗಿಲ್ಲ.

ಶರಣಾಗತಿಯ ಸುದ್ದಿ ಬಂದ ದಿನ ಫ್ಯಾಮಿಲಿ ಗ್ರೂಪಿನಲ್ಲಿ ಒಬ್ಬರು ಹಾಕಿದ್ದರು: "ಮುಗೀತು ಬಿಡಿ ಇವರ ಕಥೆ." ಇನ್ನೊಬ್ಬರು: "ಕೊಂದವರಿಗೆ ಏಳೂವರೆ ಲಕ್ಷ ಬಹುಮಾನನಾ?"

ಎರಡೂ ಸಹಜವಾದ ಮಾತು. ಆದರೆ ಎರಡೂ ಅರ್ಧ ಮಾತು. ಯಾಕೆ ಅಂತ ಹೇಳೋಕೆ ಮೊದಲು ನಮ್ಮದೇ ಕೋಟೆಯ ಒಂದು ಹಳೇ ಪಾಠ ನೋಡೋಣ.

ಕೆಲಸ ಕಳೆದುಕೊಂಡ ಸೈನಿಕ

ದುರ್ಗದ ಕಥೆಯಲ್ಲಿ ನಮಗೆಲ್ಲ ಗೊತ್ತಿರೋದು 1779ರವರೆಗೆ. ಹೈದರಾಲಿ ಕೋಟೆ ಗೆದ್ದ, ಮದಕರಿ ನಾಯಕ ಸೆರೆಯಾದ. ಸಿನಿಮಾ ಅಲ್ಲಿಗೆ ಮುಗಿಯುತ್ತೆ. ಆಮೇಲೆ ಏನಾಯಿತು? ಬೇಡರ ಬಲ ಮುರಿಯಬೇಕು ಅಂತ ಹೈದರ್ ಸುಮಾರು 20,000 ಜನರನ್ನು ಇಲ್ಲಿಂದ ಎತ್ತಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಅವರ ಮಕ್ಕಳಲ್ಲಿ ವಯಸ್ಸಿಗೆ ಬಂದವರನ್ನು ಸೇರಿಸಿ 'ಚೇಲಾ' ಪಡೆ ಕಟ್ಟಿದ. ಸೋತವರ ಮಕ್ಕಳು ಗೆದ್ದವನ ಸಿಪಾಯಿಗಳಾದರು.

ಮುಂದೆ 1799ರ ಮೇ ತಿಂಗಳಲ್ಲಿ ಟಿಪ್ಪು ಸತ್ತ, ಶ್ರೀರಂಗಪಟ್ಟಣ ಬಿತ್ತು. ಯುದ್ಧ ಮುಗೀತು ಅಂತ ಬ್ರಿಟಿಷರು ಅಂದುಕೊಂಡರು. ಆ ಗಲಾಟೆಯಲ್ಲಿ ಸೆರೆಮನೆಯಿಂದ ಹೊರಬಂದವನು ಧೋಂಡಿಯಾ ವಾಘ್. ಹೊಳಲ್ಕೆರೆಯ ಪಕ್ಕದ ಚನ್ನಗಿರಿಯವನು. ಟಿಪ್ಪುವಿನ ಸೈನ್ಯ ಚದುರಿ ಕೆಲಸ ಇಲ್ಲದೆ ನಿಂತಿದ್ದ ಸವಾರರು ಅವನ ಹಿಂದೆ ಬಂದರು. ಅವನನ್ನು ಹಿಡಿಯಲು ಚಿತ್ರದುರ್ಗದಿಂದಲೂ ಇಂಗ್ಲಿಷರ ಪಡೆ ಹೊರಟಿತು. 1800ರ ಸೆಪ್ಟೆಂಬರ್ 10ರಂದು ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಎದುರು ಅವನು ಸಾಯುವವರೆಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಈ ಸೀಮೆಯಲ್ಲಿ ನೆಮ್ಮದಿ ಇರಲಿಲ್ಲ. ಅವನನ್ನು ಇಂಗ್ಲಿಷರು ದರೋಡೆಕೋರ ಅಂದರು, ನಮ್ಮಲ್ಲಿ ಹಲವರು ಸ್ವಾತಂತ್ರ್ಯ ವೀರ ಅಂತಾರೆ. ಆ ಚರ್ಚೆ ಇರಲಿ. ಕುದುರೆ ಇದೆ, ಕತ್ತಿ ಇದೆ, ಸಂಬಳ ಇಲ್ಲ ಅನ್ನೋ ಜನ ಅವನ ಸುತ್ತ ಸೇರಿದರು ಅನ್ನೋದು ನಮಗೆ ಇಲ್ಲಿ ಮುಖ್ಯ.

ದಿವಾನ್ ಪೂರ್ಣಯ್ಯನವರು ಇದನ್ನು ಅರ್ಥ ಮಾಡಿಕೊಂಡಿದ್ದರು. ಹಳೇ ಕಾಲಾಳುಗಳನ್ನು ಬೀದಿಗೆ ಬಿಡದೆ 'ಕಂದಾಚಾರ' ಪಡೆಯಲ್ಲಿ ಕೆಲಸ ಕೊಟ್ಟರು. ಶಾಂತಿಯ ಕಾಲದಲ್ಲಿ ಅದು ಖರ್ಚು. ಆದರೆ ಇನ್ನೊಂದು ಯುದ್ಧಕ್ಕಿಂತ ಕಮ್ಮಿ ಖರ್ಚು.

ಇನ್ನೂರು ವರ್ಷದ ನಂತರ ಇರಾಕಿನಲ್ಲಿ ಅಮೆರಿಕದವರು ಇದರ ಉಲ್ಟಾ ಮಾಡಿದರು. 2003ರ ಮೇ ತಿಂಗಳಲ್ಲಿ ಒಂದೇ ಆದೇಶದಲ್ಲಿ ಇಡೀ ಇರಾಕಿ ಸೈನ್ಯವನ್ನು ವಿಸರ್ಜಿಸಿದರು. ಲಕ್ಷಾಂತರ ತರಬೇತಾದ ಗಂಡಸರು ಮನೆಗೆ ಬರಿಗೈಲಿ ಹೋದರು. ಅವರಲ್ಲಿ ಎಷ್ಟೋ ಮಂದಿ ಬಂಡುಕೋರರ ಗುಂಪು ಸೇರಿದರು. ಮುಂದೆ ಐಸಿಸ್‌ನ ದಂಡು ಕಟ್ಟಿದವರಲ್ಲೂ ಹಳೇ ಸೈನ್ಯಾಧಿಕಾರಿಗಳಿದ್ದರು.

ಕೊಲಂಬಿಯಾದಲ್ಲಿ 2016ರಲ್ಲಿ ಫಾರ್ಕ್ ಬಂಡುಕೋರರ ಜೊತೆ ಒಪ್ಪಂದವಾಯಿತು. ಸುಮಾರು 13,000 ಮಂದಿ ಹೊರಬಂದರು. ಅವರಲ್ಲಿ 400ಕ್ಕೂ ಹೆಚ್ಚು ಜನರನ್ನು ಆಮೇಲೆ ಕೊಲ್ಲಲಾಗಿದೆ. ಶರಣಾದವರಿಗೆ ರಕ್ಷಣೆ ಇಲ್ಲ ಅಂತ ಗೊತ್ತಾದರೆ ಉಳಿದವರು ಕಾಡಿನಿಂದ ಯಾಕೆ ಬರುತ್ತಾರೆ ಹೇಳಿ.

ಉತ್ತರ ಐರ್ಲೆಂಡಿನಲ್ಲಿ 1998ರ ಏಪ್ರಿಲ್‌ನಲ್ಲಿ ಶಾಂತಿ ಒಪ್ಪಂದಕ್ಕೆ ಸಹಿ ಬಿತ್ತು. ನಾಲ್ಕೇ ತಿಂಗಳಿಗೆ, ಒಪ್ಪಂದ ಒಪ್ಪದ ಒಂದು ಸೀಳು ಗುಂಪು ಓಮಾ ಪಟ್ಟಣದ ಪೇಟೆಯಲ್ಲಿ ಬಾಂಬ್ ಇಟ್ಟು 29 ಜನರನ್ನು ಕೊಂದಿತು. ಆದರೂ ಅಲ್ಲಿನ ಜನ ಒಪ್ಪಂದ ಕೈಬಿಡಲಿಲ್ಲ.

ಗಾಯ ಮಾಯುವ ಹೊತ್ತಿನಲ್ಲೇ ಕೀವು ತುಂಬುವ ಭಯ ಹೆಚ್ಚು. ನಮ್ಮ ರಾಜ್ಯ ಈಗ ಆ ಹೊತ್ತಿನಲ್ಲಿದೆ.

ಮೊದಲ ಬಾಕಿ: ಕೋರ್ಟು

ಏಳೂವರೆ ಲಕ್ಷದ ಮಾತಿಗೆ ಬರೋಣ. ಸರ್ಕಾರದ ನೀತಿಯ ಪ್ರಕಾರ ಶರಣಾದ ಆರು ಮಂದಿಯಲ್ಲಿ ರಾಜ್ಯದವರಿಗೆ ತಲಾ 7.5 ಲಕ್ಷ, ಹೊರರಾಜ್ಯದ ಇಬ್ಬರಿಗೆ ತಲಾ 4 ಲಕ್ಷ ರೂಪಾಯಿ. ಒಂದೇ ಸಲ ಅಲ್ಲ, ಕಂತುಗಳಲ್ಲಿ. ಇದು ಕ್ಷಮಾಪಣೆಯೂ ಅಲ್ಲ. ಅವರ ಮೇಲಿನ ಕೇಸುಗಳು ಹಾಗೇ ಇವೆ. ಶರಣಾದ ಮೇಲೆ ಅವರು ಹೋದದ್ದು ಮನೆಗಲ್ಲ, ನ್ಯಾಯಾಂಗ ಬಂಧನಕ್ಕೆ.

ಇಲ್ಲಿರುವ ನಿಜವಾದ ಸಮಸ್ಯೆ ದುಡ್ಡಲ್ಲ, ಕಾಲ. ವೆಂಕಟಮ್ಮನಹಳ್ಳಿ ಕೇಸನ್ನೇ ನೋಡಿ. ಘಟನೆ ನಡೆದು 14 ವರ್ಷವಾದ ಮೇಲೆ, 2019ರಲ್ಲಿ, ತೆಲುಗು ಕವಿ ವರವರ ರಾವ್ ಅವರನ್ನು ಈ ಕೇಸಿನ ಆರೋಪಿಯಾಗಿ ಪಾವಗಡದ ಕೋರ್ಟಿಗೆ ಕರೆತಂದರು. ಅದಾದ ಮೇಲೂ ತಲೆಮರೆಸಿಕೊಂಡವರ ಬಂಧನ ನಡೆದಿದೆ. ಇಷ್ಟು ವರ್ಷ ಎಳೆದ ಕೇಸಿನಲ್ಲಿ ಸಾಕ್ಷಿಗಳು ಮುದುಕರಾಗಿರುತ್ತಾರೆ, ನೆನಪು ಮಸುಕಾಗಿರುತ್ತೆ. ತಪ್ಪಿತಸ್ಥನಿಗೆ ಶಿಕ್ಷೆ ಆಗಲ್ಲ, ತಪ್ಪು ಮಾಡದವನಿಗೆ ಬಿಡುಗಡೆ ಇಲ್ಲ, ಸತ್ತವರ ಮನೆಯವರಿಗೆ ಉತ್ತರ ಇಲ್ಲ.

ಶರಣಾದವರ ಪ್ಯಾಕೇಜ್ ಎಷ್ಟು ಅಂತ ಎಲ್ಲರ ಫೋನಿಗೂ ಬಂತು. ಡ್ಯೂಟಿ ಮೇಲೆ ಸತ್ತ ಕಾನ್‌ಸ್ಟೇಬಲ್‌ಗಳ ಹೆಂಡತಿ ಮಕ್ಕಳು ಇಪ್ಪತ್ತು ವರ್ಷ ಹೇಗೆ ಬದುಕಿದರು ಅನ್ನೋದು ಅಷ್ಟು ಸುದ್ದಿಯಾಗಲಿಲ್ಲ. ಶರಣಾದವರಿಗೆ ಕೊಡಬೇಡಿ ಅಂತ ನಾನು ಹೇಳ್ತಿಲ್ಲ. ಕೊಟ್ಟ ಮಾತು ಉಳಿಸಿಕೊಳ್ಳಲೇಬೇಕು. ಆದರೆ ನೊಂದವರ ಮನೆಗೂ ಅದೇ ಕ್ಯಾಮೆರಾ, ಅದೇ ಮಂತ್ರಿ, ಅದೇ ಕಾಳಜಿ ಹೋಗಬೇಕು. ಇಲ್ಲದಿದ್ದರೆ "ಕೊಂದವರಿಗೇ ಬೆಲೆ" ಅನ್ನೋ ಸಿಟ್ಟು ಇನ್ನೊಂದು ಕಡೆ ಬೆಳೆಯುತ್ತೆ.

ಎರಡನೇ ಬಾಕಿ: ನೆಲ, ನೀರು

ಮಲೆನಾಡಿನಲ್ಲಿ ಹುಡುಗ ಹುಡುಗಿಯರು ಕಾಡಿಗೆ ಹೋಗಲು ದೊಡ್ಡ ಕಾರಣ ಕುದುರೆಮುಖ ರಾಷ್ಟ್ರೀಯ ಉದ್ಯಾನದ ಒಕ್ಕಲೆಬ್ಬಿಸುವ ಭಯ. ತಲೆಮಾರುಗಳಿಂದ ಇದ್ದ ಮನೆಗೆ ಹಕ್ಕುಪತ್ರ ಇಲ್ಲ. ಕಚೇರಿಗೆ ಅಲೆದರೆ ನಾಳೆ ಬಾ. 2025ರಲ್ಲಿ ಶರಣಾದವರೂ ಸರ್ಕಾರದ ಮುಂದಿಟ್ಟ ಬೇಡಿಕೆಗಳಲ್ಲಿ ಆದಿವಾಸಿಗಳ ಭೂಮಿಯ ಹಕ್ಕು ಇತ್ತು. ಅಂದರೆ ಬಂದೂಕು ವಾಪಸ್ ಬಂದಿದೆ, ಪ್ರಶ್ನೆ ಅಲ್ಲೇ ಇದೆ.

ಪಾವಗಡದಲ್ಲಿ ಒಂದು ಬದಲಾವಣೆ ಕಣ್ಣಿಗೆ ಕಾಣುತ್ತೆ. 2018ರ ಮಾರ್ಚ್ 1ರಂದು ಉದ್ಘಾಟನೆಯಾದ 'ಶಕ್ತಿ ಸ್ಥಳ' ಸೋಲಾರ್ ಪಾರ್ಕ್. ತಿರುಮಣಿ, ವಳ್ಳೂರು ಮುಂತಾದ ಐದು ಹಳ್ಳಿಗಳ ಸುಮಾರು 13,000 ಎಕರೆ, 2,050 ಮೆಗಾವ್ಯಾಟ್. ಒಂದು ಒಳ್ಳೇ ಕೆಲಸ ಅಂದರೆ ರೈತರ ಜಮೀನನ್ನು ಕಿತ್ತುಕೊಳ್ಳಲಿಲ್ಲ, ಬಾಡಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರಿಕೆ. ಮಳೆ ನಂಬಿ ಕಡಲೆಕಾಯಿ ಬಿತ್ತಿ ಕೈಸುಟ್ಟುಕೊಳ್ಳುತ್ತಿದ್ದವರಿಗೆ ಅದು ದೊಡ್ಡ ಆಸರೆ.

ಆದರೆ ಜಮೀನು ಇದ್ದವರಿಗೆ ಬಾಡಿಗೆ ಬಂತು. ಆ ಹೊಲಗಳಲ್ಲಿ ಕಳೆ ಕೀಳುತ್ತಿದ್ದವರಿಗೆ, ಅಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಏನು ಬಂತು? ಪ್ಯಾನೆಲ್ ಒರೆಸುವ, ಹುಲ್ಲು ಕೊಯ್ಯುವ, ಕಾವಲು ಕಾಯುವ ಕೆಲಸ ಎಲ್ಲರಿಗೂ ಸಿಗಲ್ಲ. ಉಗ್ರವಾದ ಯಾವತ್ತೂ ಆಳು ಹುಡುಕೋದು ಭೂಮಿ ಇದ್ದವನ ಮನೆಯಲ್ಲಲ್ಲ.

ನಮ್ಮ ಕಡೆಯ ಕಥೆಯನ್ನೂ ಇಲ್ಲೇ ಹೇಳಬೇಕು. ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದದ್ದು. ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರ್‌ನಲ್ಲಿ. ಎಂಬತ್ತೊಂಬತ್ತು ವರ್ಷ! ಅಷ್ಟು ವರ್ಷ ಕಾದ ಜನ ಬಂದೂಕು ಹಿಡಿಯಲಿಲ್ಲ. ಭದ್ರಾ ಮೇಲ್ದಂಡೆ ನೀರಿಗಾಗಿ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗದ ರೈತರು ಮಾಡಿದ್ದು ಧರಣಿ, ಪಾದಯಾತ್ರೆ, ಬಂದ್. ಅದೇ ಬರ, ಅದೇ ಬಡತನ, ಬೇರೆ ದಾರಿ.

ನಮ್ಮವರು ಹೆಚ್ಚು ಒಳ್ಳೆಯವರು ಅಂತ ಇದರ ಅರ್ಥ ಅಲ್ಲ. ರೈತ ಸಂಘ, ದಲಿತ ಸಂಘರ್ಷ ಸಮಿತಿ, ಮಠಗಳು, ಹೋರಾಟ ಸಮಿತಿಗಳು ಇಲ್ಲಿ ಸಿಟ್ಟಿಗೆ ಒಂದು ದಾರಿ ಮಾಡಿಕೊಟ್ಟಿದ್ದವು ಅಂತ ನನಗನ್ನಿಸುತ್ತೆ. ಡಿಸಿ ಆಫೀಸಿನ ಮುಂದೆ ಕೂತರೆ ಯಾರಾದರೂ ಬಂದು ಮನವಿ ತೊಗೋತಾರೆ ಅನ್ನೋ ನಂಬಿಕೆ ಇತ್ತು. ಆ ನಂಬಿಕೆಗೂ ಒಂದು ಮಿತಿ ಇದೆ. 2023ರ ಕೇಂದ್ರ ಬಜೆಟ್‌ನಲ್ಲಿ ಭದ್ರಾ ಮೇಲ್ದಂಡೆಗೆ 5,300 ಕೋಟಿ ಅಂತ ಓದಿದರು. ನಮ್ಮೂರಲ್ಲಿ ಪಟಾಕಿ ಹೊಡೆದವರೇ ಆಮೇಲೆ "ದುಡ್ಡು ಎಲ್ಲಿ?" ಅಂತ ಧರಣಿ ಕೂತರು. ಶಾಂತವಾಗಿ ಕೇಳಿದವರಿಗೆ ಉತ್ತರ ಕೊಡದ ಸರ್ಕಾರ, ಯಾವುದೇ ಪಕ್ಷದ್ದಿರಲಿ, ಶಾಂತವಾಗಿ ಕೇಳಬೇಡಿ ಅಂತ ಪಾಠ ಮಾಡಿದ ಹಾಗೆ.

ಮೂರನೇ ಬಾಕಿ: ಮರ್ಯಾದೆ

2019ರ ಸೆಪ್ಟೆಂಬರ್. ಆಗ ಚಿತ್ರದುರ್ಗದ ಎಂಪಿ ಆಗಿದ್ದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಒಂದು ಗೊಲ್ಲರಹಟ್ಟಿಗೆ ಹೋದಾಗ, ದಲಿತರು ಅನ್ನೋ ಕಾರಣಕ್ಕೆ ಅವರನ್ನು ಹಟ್ಟಿಯೊಳಗೆ ಬಿಡಲಿಲ್ಲ. ಓಟು ಕೇಳಿ ಗೆದ್ದ ಜನಪ್ರತಿನಿಧಿಗೇ ಈ ಗತಿ ಆದರೆ ಕೂಲಿ ಮಾಡುವ ಹುಡುಗನ ಕಥೆ ಏನು?

ಕಥೆಯ ಇನ್ನೊಂದು ಭಾಗವನ್ನೂ ಹೇಳಬೇಕು. ಅವರು ಪೊಲೀಸರನ್ನು ಮುಂದಿಟ್ಟುಕೊಂಡು ಒಳಗೆ ನುಗ್ಗಲಿಲ್ಲ. ವಾಪಸ್ ಹೋದರು. ಕೆಲವೇ ದಿನದಲ್ಲಿ ಹಟ್ಟಿಯವರೇ ಮನಸ್ಸು ಬದಲಿಸಿ ಅವರನ್ನು ಕರೆದರು. ಅವಮಾನ ಆದಾಗ ಎದುರಿಗೆ ಎರಡು ದಾರಿ ಇರುತ್ತವೆ ಅಂತ ತೋರಿಸುವ ಘಟನೆ ಇದು. ಎರಡನೆಯ ದಾರಿ ತೆರೆದಿರೋಕೆ ಎರಡೂ ಕಡೆಯವರು ಬೇಕು.

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಗೆ ಹೋದರೆ ಇಂಥ ಕೆಲಸ ಸದ್ದಿಲ್ಲದೆ ಹೇಗೆ ನಡೆಯುತ್ತೆ ಅಂತ ಕಾಣುತ್ತೆ. 1997ರಿಂದ ಅಲ್ಲಿನ 'ಶಿವಸಂಚಾರ' ತಂಡ ಊರೂರಿಗೆ ನಾಟಕ ತೊಗೊಂಡು ಹೋಗುತ್ತಿದೆ. ನಾಟಕ ನೋಡಿದವರೆಲ್ಲ ಜಾತಿ ಬಿಡ್ತಾರೆ ಅಂತಲ್ಲ. ಆದರೆ ಒಂದು ರಾತ್ರಿ ಊರಿನ ಎಲ್ಲ ಕೇರಿಯವರು ಒಂದೇ ಕಡೆ ಕೂತು ಒಂದೇ ಮಾತಿಗೆ ನಕ್ಕರೆ, ಮರುದಿನ ಜಗಳ ಹಚ್ಚಲು ಬಂದವನಿಗೆ ಸ್ವಲ್ಪ ಕಷ್ಟ ಆಗುತ್ತೆ.

ಈಗಿನ ಉಗ್ರವಾದ ಫೋನಿನೊಳಗಿದೆ

ನಕ್ಸಲ್ ನಿಗ್ರಹ ಪಡೆಗೆ ಈಗ ಏನು ಕೆಲಸ? ಉತ್ತರ ಸರ್ಕಾರದ ಆದೇಶದಲ್ಲೇ ಇದೆ. 2025ರ ಏಪ್ರಿಲ್-ಮೇ ನಡುವೆ ದಕ್ಷಿಣ ಕನ್ನಡದಲ್ಲಿ ಸಾಲು ಕೊಲೆಗಳಾದವು. ಒಂದಕ್ಕೊಂದು ಸೇಡು, ಧರ್ಮದ ಹೆಸರು. ಅದಾದ ಮೇಲೆ ನಕ್ಸಲ್ ನಿಗ್ರಹ ಪಡೆಯ 656 ಹುದ್ದೆಗಳಲ್ಲಿ 248ನ್ನು ತೆಗೆದು ಕೋಮು ಹಿಂಸೆ ತಡೆಯಲು 'ವಿಶೇಷ ಕಾರ್ಯಪಡೆ' ಕಟ್ಟಿದರು. ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಅದರ ವ್ಯಾಪ್ತಿ.

ಇದನ್ನು ಓದಿದಾಗ ನನಗೆ ಒಂದು ಕ್ಷಣ ಸುಮ್ಮನೆ ಕೂರಬೇಕು ಅನ್ನಿಸಿತು. ಪೊಲೀಸರು ಕಾಡಿನಿಂದ ಇಳಿದು ಪೇಟೆಗೆ ಬಂದಿದ್ದಾರೆ. ಅಂದರೆ ಒಂದು ಬಗೆಯ ಉಗ್ರವಾದ ತಗ್ಗಿದ ಹೊತ್ತಿಗೇ ಇನ್ನೊಂದು ಬಗೆಯದು ಏರಿದೆ. ಇದಕ್ಕೆ ಕಾಡು ಬೇಕಿಲ್ಲ, ಕಮಾಂಡರ್ ಬೇಕಿಲ್ಲ. ಒಂದು ವಿಡಿಯೋ, ಕೆಳಗೆ "ಎಲ್ಲರಿಗೂ ಶೇರ್ ಮಾಡಿ" ಅನ್ನೋ ಒಂದು ಸಾಲು ಸಾಕು.

ಸಾಕೇತ್ ರಾಜನ್ ಕಾಲದಲ್ಲಿ ಒಬ್ಬ ಹುಡುಗನನ್ನು ಒಳಗೆಳೆಯಲು ತಿಂಗಳುಗಟ್ಟಲೆ ಊರೂರು ಅಲೆದು ಮಾತಾಡಬೇಕಿತ್ತು. ಈಗ ಮಲಗುವ ಮುಂಚೆ ಫೋನ್ ತಿರುವುತ್ತಾ ಇರುವಾಗಲೇ ಆಗಿಹೋಗುತ್ತೆ. ಆದರೆ ಬಾಗಿಲು ಅದೇ. ಕೆಲಸ ಇಲ್ಲದವನಿಗೆ ಕೆಲಸ, ಬೆಲೆ ಇಲ್ಲದವನಿಗೆ ಬೆಲೆ, "ನಿನಗೆ ಅನ್ಯಾಯ ಮಾಡಿದವರು ಇವರೇ" ಅಂತ ತೋರಿಸುವ ಒಂದು ಬೆರಳು.

ಇದಕ್ಕೆ ಪೊಲೀಸ್ ಬೇಡ್ವಾ? ಬೇಕೇ ಬೇಕು. ಆ ರಾತ್ರಿ ವೆಂಕಟಮ್ಮನಹಳ್ಳಿಯಲ್ಲಿ ಕಾವಲಿದ್ದವರೂ ನಮ್ಮಂಥ ಮನೆಗಳ ಮಕ್ಕಳೇ. ಆದರೆ ಪೊಲೀಸ್ ಬರೋದು ಕೊನೆಗೆ. ಅದಕ್ಕೂ ಮೊದಲು ಬರಬೇಕಾದವರು ತಹಶೀಲ್ದಾರ್, ಮೇಷ್ಟ್ರು, ಜಡ್ಜ್, ಎಂಜಿನಿಯರ್. ಅವರು ಸರಿಯಾದ ಹೊತ್ತಿಗೆ ಬಂದರೆ ಕ್ಯಾಂಪ್ ಹಾಕೋ ಕೆಲಸ ಬೀಳಲ್ಲ.

ನಾವು, ಬೆಂಗಳೂರಿನಲ್ಲಿ ಕೆಲಸ ಮಾಡುವ ಊರಿನ ಮಕ್ಕಳು, ದೊಡ್ಡದೇನೂ ಮಾಡಬೇಕಿಲ್ಲ. ಊರಿನ ಗ್ರೂಪಿಗೆ ಬಂದ ವಿಡಿಯೋ ಯಾವೂರಿನದು, ಯಾವ ವರ್ಷದ್ದು ಅಂತ ಒಂದು ಸಲ ಕೇಳಿ. ಹಾಗೆ ಕೇಳಿದ ಒಬ್ಬರಿದ್ದರೆ ಮುಂದಿನ ಸಲ ಹಾಕುವವರು ಸ್ವಲ್ಪ ಯೋಚಿಸ್ತಾರೆ. ಕೆಲಸ ಹುಡುಕುತ್ತಾ ಊರಲ್ಲೇ ಉಳಿದ ಗೆಳೆಯನಿಗೆ ಹಬ್ಬಕ್ಕೆ ಮಾತ್ರ ಅಲ್ಲ, ನಡುನಡುವೆಯೂ ಫೋನ್ ಮಾಡಿ. ಅವನ ಸಿಟ್ಟನ್ನು ಕೇಳಿಸಿಕೊಳ್ಳುವವರು ಬೇರೆ ಯಾರೂ ಇಲ್ಲದೆ ಹೋದರೆ, ಕೇಳಿಸಿಕೊಳ್ಳೋಕೆ ತಯಾರಾಗಿರುವವರು ಬೇಕಾದಷ್ಟು ಜನ ಇದ್ದಾರೆ.

ಮಾವ ಈಗ ರಿಟೈರ್. ಶರಣಾಗತಿಯ ಸುದ್ದಿ ಟಿವಿಯಲ್ಲಿ ಬಂದಾಗ ನಾನು ಫೋನ್ ಮಾಡಿದ್ದೆ. "ಒಳ್ಳೇದಾತು ಬಿಡು, ಇನ್ನಾದ್ರೂ ಯಾರ್ ಮನೆ ಮಕ್ಕಳೂ ಸಾಯದು ಬ್ಯಾಡ" ಅಂದರು. ಆಮೇಲೆ ಸ್ವಲ್ಪ ತಡೆದು ಕೇಳಿದರು:

"ಆ ಕ್ಲೀನರ್ ಹುಡ್ಗನ ಮನೇರನ್ನ ಯಾರಾದ್ರೂ ಮಾತಾಡ್ಸಿದ್ರಾ, ಟಿವಿಯಾಗೆ?"

ಇಲ್ಲ ಮಾವ ಅಂದೆ.